ಅಡ್ಜಸ್ಟ್ ಎಂಬ ನಾನು

ನಾನು ಒಂದು ಕ್ರಿಯಾಪದ. ಹೆಸರು ಅಡ್ಜಸ್ಟ್. ಇಂಗ್ಲಿಷಿನವನೆಂದು ದೂರ ಇಡಬೇಡಿ. ನಾನಿಲ್ಲದೆ ನಿಮ್ಮೂರಿನ ಒಂದು ಬಸ್ಸಾದರೂ ತುಂಬುತ್ತದೆಯೇ, ಹೇಳಿ ನೋಡೋಣ!

ನನ್ನ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ನನಗೆ 'ಹತ್ತಿರಕ್ಕೆ ತರು' ಎಂಬ ಅರ್ಥವಿತ್ತು. ಫ್ರೆಂಚರ ಬಾಯಲ್ಲಿ 'ಕೂಡಿಸು' ಎಂದಾದೆ. ಇಂಗ್ಲಿಷರ ಮನೆ ಸೇರಿದ ಮೇಲೆ ಗಡಿಯಾರ, ತಕ್ಕಡಿಗಳನ್ನು ಸರಿಪಡಿಸುವ ಕೆಲಸ ಸಿಕ್ಕಿತು. ಅವರ ಜೊತೆಗೇ ಇಲ್ಲಿಗೆ ಬಂದೆ. ದರ್ಜಿಗಳ, ಮೆಕ್ಯಾನಿಕ್ಕುಗಳ ನಾಲಿಗೆಯಲ್ಲಿ ಆರಾಮಾಗಿದ್ದೆ. ಮನೆಮಾತಿಗೆ ಇಳಿದ ಮೇಲೆ ಶುರುವಾಯಿತು ನೋಡಿ ನನ್ನ ಗ್ರಹಚಾರ.

ಗದಗಿನ ಪಕ್ಕದ ಬೆಟಗೇರಿಯ ನೇಕಾರ ವೀರಭದ್ರಪ್ಪ ಮತ್ತು ಅವನ ಹೆಂಡತಿ ಗುರವ್ವ ತಮ್ಮ ಮಗಳು ದಾಕ್ಷಾಯಿಣಿಯನ್ನು ಹುಬ್ಬಳ್ಳಿಗೆ ಕೊಟ್ಟಿದ್ದರು. ಗಂಡ ಕುಡಿದು ಹೊಡೆಯುತ್ತಿದ್ದ. ಆಕೆ ಫೋನು ಮಾಡಿ ಅತ್ತಾಗಲೆಲ್ಲ ಗುರವ್ವ ನನ್ನನ್ನೇ ಕಳಿಸುತ್ತಿದ್ದಳು: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗವ್ವ."

ಥೂ! ನಾನೇನು ಅಳುವವರ ಬಾಯಿಗೆ ತುರುಕುವ ಬಟ್ಟೆಯೇ? ನನಗೆ ನಾಚಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ದಾಕ್ಷಾಯಿಣಿ ಬ್ಯಾಗು ತುಂಬಿಕೊಂಡು ಗದಗಿನ ಬಸ್ಸು ಹತ್ತಿದಳು. ಸೀಟೆಲ್ಲ ಭರ್ತಿ. ಆಕೆಯ ಊದಿದ ಕೆನ್ನೆ ಕಂಡ ಮುದುಕಿಯೊಬ್ಬಳು ಬ್ಯಾಗು ಇಸಿದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು. ಪಕ್ಕದವರನ್ನು ಗದರಿಸಿದಳು: "ಸರೀರಿ ಅತ್ತಾಗ, ಅಡ್ಜಸ್ಟ್ ಮಾಡ್ಕೊಳ್ರಿ. ಕೂಸು ಕುಂದರ್ಲಿ." ಮೂವರ ಸೀಟಿನಲ್ಲಿ ನಾಲ್ವರು ಕೂತರು.

ಬಾಗಿಲಲ್ಲಿ ಮಗಳನ್ನು ಕಂಡು ಗುರವ್ವ ಹಣೆ ಹಣೆ ಚಚ್ಚಿಕೊಂಡಳು. "ಇನ್ನೊಂದೀಟು ಅಡ್ಜಸ್ಟ್ ಮಾಡ್ಕೋಬೇಕಿತ್ತಲ್ಲವ್ವ! ಮಗ್ಗ ಬಿಟ್ರ ಈ ಮನ್ಯಾಗ ಕಾಲು ಚಾಚಾಕ ಜಾಗಾ ಎಲ್ಲೈತಿ?"

"ಬಸ್ಸಿನ್ಯಾಗ ಗುರ್ತಿಲ್ಲದ ಮುದುಕಿ ಸರದು ಜಾಗಾ ಕೊಟ್ಲು, ಯವ್ವಾ. ನಿಮಗ ಆಗಂಗಿಲ್ಲೇನು?"

ಮಗ್ಗದ ಸಪ್ಪಳ ನಿಂತಿತು. ವೀರಭದ್ರಪ್ಪ ಎದ್ದು ಬಂದ. ನೂಲಿನ ಗಂಟುಗಳನ್ನು ಅಟ್ಟಕ್ಕೆ ಏರಿಸಿದ, ತನ್ನ ಹಾಸಿಗೆಯನ್ನು ಹೊರಗಿನ ಕಟ್ಟೆಗೆ ಒಯ್ದ, ಮಗಳ ಬ್ಯಾಗನ್ನು ಒಳಗೆ ತಂದಿಟ್ಟ.

"ಆಕಿ ಮಾಡ್ಕೊಂಡಿದ್ದು ಸಾಕು, ಗುರವ್ವ. ಇನ್ನ ನಾವು ಅಡ್ಜಸ್ಟ್ ಮಾಡ್ಕೊಳ್ಳೂಣು."

ಗುರವ್ವ ಅಳುತ್ತಲೇ ಮಗಳ ಕೈ ಹಿಡಿದು ಒಳಗೆ ಎಳೆದುಕೊಂಡಳು.

ನನಗೀಗ ವಯಸ್ಸಾಗಿದೆ. ಕಂಡಕಂಡವರ ನಾಲಿಗೆಯಲ್ಲಿ ಸವೆದಿದ್ದೇನೆ. ಹುಟ್ಟಿದಾಗ ಸಿಕ್ಕಿದ್ದ, ಹತ್ತಿರಕ್ಕೆ ತರುವ ಕೆಲಸವನ್ನು ಎಷ್ಟೋ ಕಾಲದ ಮೇಲೆ ಬೆಟಗೇರಿಯಲ್ಲಿ ಮತ್ತೆ ಮಾಡಿದೆ ಎಂಬ ಸಂತೋಷ ಮಾತ್ರ ಸವೆದಿಲ್ಲ. ಆ ಮನೆಯಲ್ಲಿ ದಾಕ್ಷಾಯಿಣಿ ಈಗ ಮಗ್ಗದ ಪಕ್ಕ ಕಾಲು ಚಾಚಿ ಮಲಗುತ್ತಾಳೆ.