ಅರ್ಡಿತ್‌ಗೆ ಬಿಟ್ಟ ಹಾಲುತುಪ್ಪ

ಅರ್ಡಿತ್ ಸತ್ತ ಮೂರನೇ ದಿನ ಬೆಳಿಗ್ಗೆ ಜವರಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. ಬೇಲಿಯಾಚೆಯ ಹಿತ್ತಲಲ್ಲಿ ಇನ್ನೂ ಹೊಗೆ ಏಳುತ್ತಿತ್ತು.

"ಇವತ್ತೂ ಉರಿಸ್ತಾವ್ನಲ್ರೀ ಅವಳ್ ಮಗ!"

ಗಂಡ ಜಯರಾಮ್ ಹತ್ತಿರದ ನೆವಾರ್ಕ್ ಊರಿನ ಕಾರು ಕಂಪನಿಗೆ ಹೊರಟು ಷೂ ಕಟ್ಟುತ್ತಿದ್ದ. "ಅವರಮ್ಮ, ಅವರ ಬೆಂಕಿ. ನಿಂಗೇನು? ಎವರ್‌ಗ್ರೀನ್ ಬಡಾವಣೆಗೆಲ್ಲ ನೀನೇ ಪಟೇಲನ ಹೆಂಡ್ತಿ ಆಗ್ಬೇಡ."

"ಪಟೇಲನ ಹೆಂಡ್ತಿ ಆಗಿದ್ರೆ ನಿಮ್ ಮಾತು ಕೇಳೋ ಕರ್ಮ ಎಲ್ಲಿರ್ತಿತ್ತು?"

ಅವನು ನಕ್ಕು ಕಾರು ಹತ್ತಿದ. ಅವಳು ನಗಲಿಲ್ಲ.

ಅರ್ಡಿತ್ ಪಕ್ಕದ ಮನೆಯವಳು, ಎಂಬತ್ತು ದಾಟಿದ ಮುದುಕಿ, ಈ ದೇಶದ ಮೂಲನಿವಾಸಿಗಳಾದ ಒಜಿಬ್ವೆ ಪಂಗಡದವಳು. ಮಿನ್ನೆಸೋಟದ ಉತ್ತರಕ್ಕೆ, ಕೆರೆಗಳ ನಾಡಿನಲ್ಲಿ ಅವಳ ಜನ. ಅವರ ಕಾಡನ್ನು ಮರದ ಕಂಪನಿಗಳು ಬೋಳಿಸಿದವು. ಸರ್ಕಾರ ಅಣೆಕಟ್ಟು ಕಟ್ಟಿ ಕೆರೆಯ ನೀರೇರಿಸಿದಾಗ ನೀರಿನಲ್ಲಿ ತಾನಾಗಿ ಬೆಳೆಯುತ್ತಿದ್ದ ಅವರ ಕಾಡು ಅಕ್ಕಿ ಮುಳುಗಿತು, ಅಜ್ಜ ಅಜ್ಜಿಯರ ಗೋರಿಗಳೂ ಮುಳುಗಿದವು. ಆಮೇಲೆ ಅದೇ ಸರ್ಕಾರ, ಇಲ್ಲೇನಿದೆ, ಪಟ್ಟಣಕ್ಕೆ ಹೋಗಿ ಕೆಲಸ ಮಾಡಿ ಎಂದು ಮೊಮ್ಮಕ್ಕಳ ಕೈಗೆ ಬಸ್ ಟಿಕೆಟ್ ಕೊಟ್ಟಿತು. ಹೋಗುವುದಕ್ಕೆ ಮಾತ್ರ, ಬರುವುದಕ್ಕಲ್ಲ. ಹಾಗೆ ಈ ಸ್ಯಾನ್ ಹೋಸೆಯಲ್ಲಿ ಇಳಿದ ಇಪ್ಪತ್ತರ ಹುಡುಗಿ ಡಬ್ಬಿಗೆ ಹಣ್ಣು ತುಂಬುವ ಕಾರ್ಖಾನೆ ಸೇರಿ, ಇಲ್ಲೇ ಮುದುಕಿಯಾದಳು.

ಮುಳುಗಡೆ ಎಂದರೇನೆಂದು ಜವರಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೇಮಾವತಿಯ ಹಿನ್ನೀರು ಅವಳ ಊರನ್ನು ನುಂಗಿದಾಗ ಅವಳಿನ್ನೂ ಲಂಗದ ಹುಡುಗಿ. ತನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಅದನ್ನು ಹೇಳಿದ ದಿನ ಅರ್ಡಿತ್ ಕೇಳಿದ್ದಳು: "ಸತ್ತವರನ್ನಾದರೂ ಮೊದಲೇ ಬೇರೆ ಕಡೆಗೆ ಸಾಗಿಸಿದರಾ?"

"ಬದುಕಿದ್ದವರನ್ನೇ ಸರಿಯಾಗಿ ಸಾಗಿಸಲಿಲ್ಲ!"

ಅರ್ಡಿತ್ ಕೆಮ್ಮು ಬರುವಷ್ಟು ನಕ್ಕಳು. ಅವತ್ತಿನಿಂದ ಇಬ್ಬರೂ ಒಂದೇ ಜಗಲಿಯವರಾದರು. ಅರ್ಡಿತ್ ತನ್ನ ಊರಿನ ಕಪ್ಪು ಅಕ್ಕಿ ಕೊಡುವಳು, ಜವರಮ್ಮ ಉಪ್ಸಾರು ಕೊಡುವಳು. ಜವರಮ್ಮ ಎನ್ನಲು ನಾಲಗೆ ಹೊರಳದ ಮುದುಕಿ ಎಷ್ಟೋ ಸಲ ಹೇಳಿದ್ದಳು: "ಸತ್ತ ಮೇಲಾದರೂ ನನ್ನವರ ಹತ್ತಿರ ಹೋಗುತ್ತೇನೆ ನೋಡು, ಜಾವಾ. ಅದಕ್ಕೆ ಯಾರ ಟಿಕೆಟ್ಟೂ ಬೇಡ."

ಮಗ ಡೆಲ್ಬರ್ಟ್, ಬಸ್ ಡ್ರೈವರ್, ತಾಯಿಯ ಉಸಿರು ನಿಂತ ಸಂಜೆಯೇ ಹಿತ್ತಲಲ್ಲಿ ಬೆಂಕಿ ಹೊತ್ತಿಸಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದ. ನೆಂಟರು ಮಿನ್ನೆಸೋಟದಿಂದ ಇನ್ನೂ ದಾರಿಯಲ್ಲಿದ್ದರು. ನಿದ್ದೆಯಿಲ್ಲದೆ ಅವನ ಕಣ್ಣು ಕೆಂಡವಾಗಿತ್ತು.

"ಜಾವಾ," ಎಂದು ಬೇಲಿಯ ಹತ್ತಿರ ಬಂದು ಕರೆದ. "ಒಂದು ಗಂಟೆ ಮಲಗಿ ಏಳುತ್ತೇನೆ. ಸೌದೆ ಹಾಕುತ್ತಾ ಇರು. ಆರಲು ಮಾತ್ರ ಬಿಡಬೇಡ."

"ಇನ್ನೂ ಎಷ್ಟು ದಿನ ಉರಿಸುತ್ತೀಯಾ?"

"ನಾಳೆಯವರೆಗೆ. ನಾಲ್ಕು ದಿನ. ಅಮ್ಮ ನಡೆಯುತ್ತಿದ್ದಾಳೆ."

ನಡೆಯುತ್ತಿದ್ದಾಳಂತೆ! ನಿದ್ದೆಗೆಟ್ಟು ತಲೆ ಕೆಟ್ಟಿದೆ ಅಂದುಕೊಂಡಳು ಜವರಮ್ಮ. ಹೆಣವನ್ನು ಸುಟ್ಟು ಬೂದಿಯನ್ನು ನಿನ್ನೆಯೇ ಮನೆಗೆ ತಂದಾಗಿದೆ. ಆದರೂ ಇಲ್ಲಿ ಬೆಂಕಿ ಉರಿಯುತ್ತಲೇ ಇದೆ. ಅವಳ ಊರಿನಲ್ಲಿ ಮೂರನೇ ದಿನ ಹಾಲುತುಪ್ಪ ಬಿಟ್ಟು ಸತ್ತವರನ್ನು ತಂಪು ಮಾಡುತ್ತಾರೆ. ಅದನ್ನು ಮಾಡದವರು ಮಕ್ಕಳೇ ಅಲ್ಲ. ಅವಳವ್ವ ಸತ್ತಾಗ ಇಲ್ಲಿಂದ ವಿಮಾನ ಹಿಡಿದು ಹೋಗುವಷ್ಟರಲ್ಲಿ ಹಾಲುತುಪ್ಪ ಮುಗಿದೇ ಹೋಗಿತ್ತು. ಹೆತ್ತವಳಿಗೆ ಒಂದು ತೊಟ್ಟು ಹಾಲು ಬಿಡದ ಕೈ ಇದು. ಆ ಉರಿ ಇವತ್ತಿಗೂ ಅವಳ ಎದೆಯಲ್ಲಿತ್ತು.

ಎರಡು ಸಲ ಸೌದೆ ಹಾಕಿದಳು. ಮೂರನೆಯದನ್ನು ಕೈಯಲ್ಲಿ ಹಿಡಿದವಳಿಗೆ ಅರ್ಡಿತ್‌ಳ ಸುಕ್ಕುಗಟ್ಟಿದ ಪಾದಗಳೇ ಆ ಉರಿಯಲ್ಲಿ ಬೇಯುವಂತೆ ಕಣ್ಣಮುಂದೆ ಬಂದವು. "ಥೂ, ಇವನ ಮನೆ ಹಾಳಾಗ!" ಎಂದು ಸೌದೆ ಬಿಸಾಡಿ ಮನೆಗೆ ಹೋದಳು. ಹಾಲಿನ ಕ್ಯಾನು, ತುಪ್ಪದ ಡಬ್ಬಿ ತಂದಳು. ಉರಿಯುವ ಕೊಳ್ಳಿಗಳನ್ನು ಎಳೆದು ಹರಡಿ ಮೊದಲು ನೀರು ಹೊಯ್ದಳು, ಆಮೇಲೆ ಹಾಲು ಬಿಟ್ಟಳು, ಕೊನೆಗೆ ಒಂದು ಚಮಚ ತುಪ್ಪ.

"ತಣ್ಣಗಾಗವ್ವಾ," ಎಂದಳು.

ಕೆಂಡ ಚುಂಯ್ ಎಂದು ಬಿಳಿ ಹೊಗೆ ಎದ್ದಿತು. ಸೀದ ಹಾಲಿನ ವಾಸನೆ ಹಿತ್ತಲೆಲ್ಲ ತುಂಬಿತು. ಆ ವಾಸನೆಗೇ ಇರಬೇಕು, ಡೆಲ್ಬರ್ಟ್ ಬರೀ ಕಾಲುಚೀಲದಲ್ಲಿ ಓಡಿ ಬಂದ.

"ಏನು ಮಾಡಿದೆ?"

"ತಂಪು ಮಾಡಿದೆ. ಹೆತ್ತವಳನ್ನು ಮೂರು ದಿನದಿಂದ ಸುಡುತ್ತಿದ್ದೀಯಲ್ಲ, ಕರುಳಿಲ್ವಾ ನಿನಗೆ?"

ಅವನು ಬೈಯುತ್ತಾನೆ ಅಂದುಕೊಂಡಳು. ಬೈದಿದ್ದರೆ ಅವಳೂ ಬಿಡುತ್ತಿರಲಿಲ್ಲ.

"ಇದು ಅವಳನ್ನು ಸುಡುವ ಬೆಂಕಿಯಲ್ಲ, ಜಾವಾ," ಎಂದ ಮೆಲ್ಲಗೆ. "ಅವಳಿಗೆ ದಾರಿ ತೋರುವ ಬೆಂಕಿ. ಅವಳ ಜನ ಇರುವಲ್ಲಿಗೆ ನಾಲ್ಕು ದಿನದ ನಡಿಗೆ. ಮುಟ್ಟುವ ತನಕ ಇದು ಉರಿಯಬೇಕು. ಅವಳು ಇನ್ನೂ ಮುಟ್ಟಿಲ್ಲ."

ಜವರಮ್ಮ ದಡಕ್ಕನೆ ಮಂಡಿಯೂರಿ ಬರಿಗೈಯಲ್ಲಿ ಬೂದಿ ಬಗೆಯತೊಡಗಿದಳು. ಎಲ್ಲಾದರೂ ಒಂದು ಕೆಂಡ ಜೀವ ಹಿಡಿದಿರಬೇಕು. ಬೆರಳು ಚುರುಕ್ ಎಂದಿತು, ಒಳಗೆ ಬಿಸಿ ಇತ್ತು, ಕೆಂಪು ಮಾತ್ರ ಎಲ್ಲೂ ಇರಲಿಲ್ಲ. ಹಾಲು ಬೂದಿ ಕಲೆತ ರಾಡಿ ಮೊಣಕೈವರೆಗೂ ಮೆತ್ತಿತು.

"ಸಾಕು, ಬಿಡು," ಎಂದ ಡೆಲ್ಬರ್ಟ್.

"ಮತ್ತೆ ಹಚ್ಚು. ಬೇಗ ಹಚ್ಚು. ಅವಳಿಗೆ ಗೊತ್ತಾಗುತ್ತೆ, ಬುದ್ಧಿವಂತೆ ಅವಳು."

ಅವನು ಪಕ್ಕದಲ್ಲಿ ಒಣ ಜಾಗ ನೋಡಿ ಚಕ್ಕೆ ಜೋಡಿಸಿ ಲೈಟರ್ ಗೀರಿದ. ಚಿಟಿಕೆ ಹೊಗೆಸೊಪ್ಪು ಹಾಕಿ ತನ್ನ ಭಾಷೆಯಲ್ಲಿ ಏನೋ ಹೇಳಿದ. ಮುಂದಿನದು ನೆನಪಾಗದೆ ಅರ್ಧಕ್ಕೆ ನಿಲ್ಲಿಸಿದ. ಉರಿ ಎದ್ದಿತು.

"ಕಾಣುತ್ತಾ ಅವಳಿಗೆ?" ಎಂದಳು ಜವರಮ್ಮ.

"ಗೊತ್ತಿಲ್ಲ. ಕೇಳೋಣ ಅಂದರೆ ಗೊತ್ತಿದ್ದವಳು ಅಮ್ಮ ಒಬ್ಬಳೇ."

ಅವಳು ಅಲ್ಲೇ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಡೆಲ್ಬರ್ಟ್ ಎದ್ದು, ಅವಳ ಕೈಗೆಟುಕುವಂತಿದ್ದ ಸೌದೆಯನ್ನೆಲ್ಲ ಒಂದೊಂದಾಗಿ ಎತ್ತಿ, ಬೆಂಕಿಯ ಆಚೆ ಬದಿಗೆ, ತನ್ನ ಕುರ್ಚಿಯ ಹಿಂದಕ್ಕೆ ಇಟ್ಟುಕೊಂಡ.