ಕೀಲಿ ಬಿಡದ ಕಾರು

ವಿಮಾನ ನಗರದ ನಮ್ಮ ಕಟ್ಟಡದಲ್ಲಿ ಕಾರು ಹೆಚ್ಚು, ಜಾಗ ಕಡಿಮೆ. ಒಂದರ ಹಿಂದೆ ಒಂದು ನಿಲ್ಲಿಸುತ್ತೇವೆ. ಹಿಂದಿನದನ್ನು ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕದೆ ಬಿಡಬೇಕು. ಬೇಕಾದವರು ತಳ್ಳಿಕೊಂಡು ದಾರಿ ಮಾಡಿಕೊಳ್ಳುತ್ತಾರೆ. ಇದು ಇಲ್ಲಿನ ಪದ್ಧತಿ.

ಅಂದು ಬೆಳಿಗ್ಗೆ ಡ್ರೈವರ್ ಬಸವಲಿಂಗ ತನ್ನ ಸಾಹುಕಾರರ ಹೊಸ ಆಟೋಮ್ಯಾಟಿಕ್ ಕಾರು ತಂದು ಇನ್ನೊಂದು ಕಾರಿನ ಹಿಂದೆ ನಿಲ್ಲಿಸಿದ. ವಾಚ್‌ಮನ್ ಸೀಟಿ ಊದುತ್ತಿದ್ದ, ಹಿಂದೆ ಹಾರ್ನ್, ಕಿಸೆಯಲ್ಲಿ ರಿಂಗಾಗುತ್ತಿದ್ದ ಸಾಹುಕಾರರ ಕರೆ. ಗೇರು 'ಎನ್'ನಲ್ಲಿ, ಅಂದರೆ ನ್ಯೂಟ್ರಲ್‌ನಲ್ಲಿ ಇಟ್ಟರೆ ಕೀಲಿ ಹೊರಗೇ ಬರಲಿಲ್ಲ. ಪಾರ್ಕಿಂಗಿನ 'ಪಿ'ಗೆ ಹಾಕಿದ, ಬಂತು. ಆಮೇಲೆ ಗೇರಿನ ಪಕ್ಕದ ಸಣ್ಣ ಮುಚ್ಚಳ ಎಬ್ಬಿಸಿ, ಅದರೊಳಗಿನ ಗುಂಡಿಯನ್ನು ಕೀಲಿಯಿಂದ ಒತ್ತಿ, ಮತ್ತೆ 'ಎನ್'ಗೆ ಎಳೆದ. ಭಾರಿ ಬುದ್ಧಿವಂತ ನಮ್ಮ ಬಸವಲಿಂಗ!

ಎರಡನೇ ಮಹಡಿಯ ನೀತಾ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಕೆಲಸಕ್ಕೆ ಹೊರಟವಳು ಇದನ್ನು ನೋಡಿದಳು.

"ಬಸಣ್ಣಾ, ಹಂಗ ಬಿಡಬ್ಯಾಡ್ರಿ. ಉರುಳತದ."

"ನೆಲ ಸಪಾಟ ಅದರಿ ನೀತಕ್ಕಾ. ಹತ್ತು ವರ್ಷ ಆತು ಗಾಡಿ ಹೊಡಿಲಾಕತ್ತು."

ಅಷ್ಟರಲ್ಲಿ ಮುಂದೆ ಸಿಕ್ಕಿಕೊಂಡಿದ್ದ ಕಾರಿನವರು ಬಂದು ಸಾಹುಕಾರರ ಕಾರನ್ನು ಹಿಂದಕ್ಕೆ ತಳ್ಳಿದರು. ನಾಲ್ಕು ಹೆಜ್ಜೆಯಾಚೆ ನೆಲ ಇಳಿಜಾರು; ಕಾರು ತಾನೇ ಉರುಳತೊಡಗಿತು. ಅಲ್ಲಿ ಗೋಡೆಯ ಬದಿ ಕೂತು ನೆಲ ತಿಕ್ಕುತ್ತಿದ್ದವಳು ಶರಣಮ್ಮ, ಬಸವಲಿಂಗನ ಹೆಂಡತಿ. ಬೆನ್ನು ಕಾರಿನ ಕಡೆಗಿತ್ತು.

"ಶರಣಮ್ಮಾ, ಏಳ್ರೀ!" ನೀತಾ ಓಡಿ ಅವಳ ತೋಳು ಹಿಡಿದೆಳೆದಳು. ಕಾರು ಗೋಡೆಗೆ ಬಡಿಯಿತು. ನಡುವೆ ಬಕೆಟ್ ಅಪ್ಪಚ್ಚಿಯಾಯಿತು.

ಬಸವಲಿಂಗನ ಜೀವ ಬಾಯಿಗೆ ಬಂದಿತ್ತು. 

"ಕೀಲಿ ಯಾಕ ಬರಲಿಲ್ಲ ಗೊತ್ತೇನ್ರಿ?" ಎಂದಳು ನೀತಾ. "'ಪಿ'ಗೆ ಹಾಕಿದರ ಗೇರ್‌ಬಾಕ್ಸಿನಾಗ ಒಂದು ಕೊಂಡಿ ಹಲ್ಲಿನ ಗಾಲಿಗೆ ಸಿಕ್ಕೊಂಡು ಕಾರು ಹಿಡೀತದ. ಅಲ್ಲೀತನಕ ಕೀಲಿ ಬಿಡಂಗಿಲ್ಲ. ಮತ್ತ ಕಾಲಬ್ರೇಕ್ ಒತ್ತಲಾರದ 'ಪಿ'ದಿಂದ ಗೇರು ಸರಿಯಂಗಿಲ್ಲ. ಸಣ್ಣ ಮಕ್ಕಳು ಎಳದರೂ ಕಾರು ಹೊರಡಬಾರದಂತ."

"ಹಂಗಾದರ ಆ ಮುಚ್ಚಳ ಯಾಕದರಿ?" ಎಂದ ಬಸವಲಿಂಗ.

"ಕಾರು ಕೆಟ್ಟು ನಿಂತಾಗ ಆ ಹಿಡಿತ ಬಿಡಿಸಿ ಸರಿಸಾಕ. ದಿನಾ ಪಾರ್ಕಿಂಗ್ ಮಾಡಾಕಲ್ಲ."

"ಮುಂದಿನವ್ರು ಹೆಂಗ ಹೋಗ್ಬೇಕು? ಸಾಹುಕಾರ್ರು ನನಗ ಬೈತಾರ."

ಶರಣಮ್ಮ ಗಂಡನ ಮುಂದೆ ಬಂದು ನಿಂತಳು. "ಗಾಜಿನ ಮ್ಯಾಲ ಫೋನ್ ನಂಬರ್ ಇಡ್ರಿ. ಕರದರ ನೀವೇ ಬಂದು ತೆಗೀರಿ. ಸಾಹುಕಾರ್ರ ಬೈಗುಳ ಇಬ್ರೂ ಕೂಡಿ ತಿನ್ನೋಣು. ನಾ ಸತ್ತರ ನೀವು ಒಬ್ಬರೇ ಆಗ್ತೀರಿ."

ಬಸವಲಿಂಗ ಕಾರಿನ ಬಳಿ ಹೋಗಿ ಹ್ಯಾಂಡ್‌ಬ್ರೇಕ್ ಎಳೆದು 'ಪಿ'ಗೆ ಹಾಕಿ ಬಂದ. ಈಗ ಫೋನ್ ಬಂದರೆ ಊಟ ಬಿಟ್ಟು ಓಡುತ್ತಾನೆ.

ಕಾರು ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಗಡಿಬಿಡಿ ಇರುತ್ತದೆ. ಆದರೂ ಕಾಲು ಬ್ರೇಕಿನ ಮೇಲಿರಲಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, 'ಪಿ'ಗೆ ಹಾಕಿ, ಆಮೇಲೆ ಇಳಿಯಿರಿ. ಕೀಲಿ ಬಾರದಿದ್ದರೆ ಸಿಟ್ಟಾಗಬೇಡಿ. ಅದು ಕಾಪಾಡುತ್ತಿರುವುದು ನಿಮ್ಮ ಮನೆಯವರನ್ನೇ ಇರಬಹುದು.