ಕಾಲಿಗೆ ನೀರು

ಹಿಮವಂತೆ ಅದು, ಹಿಮ ಹಾಗೆ ಬೀಳುವುದಿಲ್ಲ, ಸೋಪಿನ ನೊರೆಯೋ ಥರ್ಮಾಕೋಲಿನ ಪುಡಿಯೋ ಇರಬೇಕು, ಹೀರೋನ ರೆಪ್ಪೆಯ ಮೇಲೆ ಅಳೆದು ಎರಡೇ ಕಾಳು ಕೂರಿಸಿದ್ದಾರೆ, ಮೂಗು ಸೋರುವುದಿಲ್ಲ, ತುಟಿ ಒಡೆದಿಲ್ಲ, ಹದಿನೈದು ಸಾವಿರ ಅಡಿಯ ಮೇಲೆ ಕೋಟಿನ ಗುಂಡಿ ಬಿಚ್ಚಿ ನಿಂತು ಹಾಡು ಹೇಳುತ್ತಾನೆ — ಅಲ್ಲಿ ಬೂಟಿನ ದಾರ ಕಟ್ಟಲು ಬಗ್ಗಿ ಏಳುವಷ್ಟರಲ್ಲಿ ಏದುಸಿರು ಬರುತ್ತದೆ, ಹಾಡಂತೆ, ಅದೂ ಎರಡು ಚರಣ. ಕುಂದಾಪುರದ ಈ ಥಿಯೇಟರಿನ ಎಸಿಯೇ ಆ ಹಿಮಕ್ಕಿಂತ ತಂಪು, ಪಕ್ಕದಲ್ಲಿ ಸೂರ ಸನ್ಮಾನದ ಶಾಲನ್ನು ಕುತ್ತಿಗೆಯವರೆಗೆ ಎಳೆದುಕೊಂಡಿದ್ದಾನೆ, ಅವನ ಆಚೆ ಅವನ ಹೆಂಡತಿ ಜಲಜ, ತನ್ನ ಗಂಡ ಇಂಥಾ ಕಡೆ ಇದ್ದು ಬಂದವನು ಎಂಬ ಹೆಮ್ಮೆಯಲ್ಲಿ ಕಣ್ಣು ಮಿಟುಕಿಸದೆ ಕೂತಿದ್ದಾಳೆ, ನನ್ನ ಮೈಮೇಲೂ ಅದೇ ಬಣ್ಣದ ಶಾಲು, ಒಂದೇ ಅಂಗಡಿಯದು, ಇನ್ನೂ ಪ್ಲಾಸ್ಟಿಕ್ಕಿನ ವಾಸನೆ ಹೋಗಿಲ್ಲ. ಕತೆ ಏನೆಂದರೆ ಹದಿನೆಂಟು ತುಂಬಿದ ಗಂಡುಮಕ್ಕಳೆಲ್ಲ ಎರಡು ವರ್ಷ ಕಡ್ಡಾಯವಾಗಿ ಸೈನ್ಯಕ್ಕೆ ಹೋಗಬೇಕು, ನಮ್ಮ ದೇಶದಲ್ಲಿ ಇಲ್ಲದ ಕಾನೂನು, ಸಿನೆಮಾದಲ್ಲಿ ಮಾಡಿಕೊಂಡಿದ್ದಾರೆ, ಅಪ್ಪನ ಕಾರು ಗುದ್ದಿಸಿಕೊಂಡು ತಿರುಗುತ್ತಿದ್ದ ಹುಡುಗನ ಜುಟ್ಟು ಕತ್ತರಿಸುತ್ತಾರೆ, ಒಂದೊಂದು ಕೂದಲೂ ನಿಧಾನವಾಗಿ ನೆಲಕ್ಕೆ ಬೀಳುತ್ತದೆ, ಪಿಟೀಲು ಅಳುತ್ತದೆ — ನನ್ನ ತಲೆ ಬೋಳಿಸಿದವನು ಬೀಡಿ ಕಚ್ಚಿಕೊಂಡು ಒಂದು ನಿಮಿಷಕ್ಕೆ ಒಬ್ಬನಂತೆ ಮುಗಿಸುತ್ತಿದ್ದ, ಕಿವಿಯ ಹಿಂದೆ ಗಾಯವಾಗಿದ್ದಕ್ಕೆ ಸುಣ್ಣ ಹಚ್ಚಿಕೋ ಎಂದ.

ಆಟ ಶುರುವಾಗುವ ಮೊದಲು ಪರದೆಯ ಮುಂದೆ ನಿಂತು ಚಂದು ಶೆಟ್ಟರ ಭಾಷಣ, ಹಾಲಾಡಿಯವರು, ಬೊಂಬಾಯಿಯಲ್ಲಿ ಮೂರು ಹೋಟೆಲು, ಸಾಸ್ತಾನದ ಹತ್ತಿರ ಹೆದ್ದಾರಿಯ ಮೇಲೆ ಒಂದು, ಮಗ ಮಿಥುನ್ ಬರೆದ ಸಿನೆಮಾ ಎಂದು ಬೆಳಗ್ಗಿನ ಆಟ ಪೂರ್ತಿ ತಾವೇ ಹಿಡಿದು ಊರವರನ್ನೆಲ್ಲ ವ್ಯಾನಿನಲ್ಲಿ ತುಂಬಿ ತಂದಿದ್ದಾರೆ, ಮೈಕು ಹಿಡಿದರೆ ಬಿಡುವ ಜಾತಿಯಲ್ಲ, ಹ್ವಾಯ್, ಈ ಕಾನೂನ್ ನಮ್ಮಲ್ಲೂ ಬರ್ಕ್, ಮಕ್ಕ್ಳೆಲ್ಲ ಮೊಬೈಲಂಗೆ ಹಾಳ್, ಎರಡ್ ವರ್ಷ ಮಿಲಿಟ್ರಿಗೆ ಹಾಕ್ರೆ ಎಲ್ಲ ಸಮ ಆತ್ತ್. ಚಪ್ಪಾಳೆ. ಕಾನೂನು ಬಂದ ಮಾರನೇ ದಿನವೇ ಇವರ ಮೊಮ್ಮಗ ಪ್ರಥಮನ ಬೆನ್ನುಮೂಳೆಯಲ್ಲಿ ಒಂದು ದೋಷ ಸಿಗುತ್ತದೆ, ಡಾಕ್ಟರ ಚೀಟಿ ಬರುತ್ತದೆ, ನನಗೆ ಗೊತ್ತು, ಇವರ ಹೋಟೆಲಿನ ಗೇಟಿನಲ್ಲಿ ಆರು ವರ್ಷದಿಂದ ಬೆರೆಟ್ ಟೋಪಿ ಹಾಕಿ ನಿಂತವನು ನಾನು, ಹವಾಲ್ದಾರ್ ಭೋಜ, ರಿಟೈರ್ಡ್, ಫಿಶ್ ಫ್ರೈ ತಿನ್ನಲು ಬಂದ ಕಾರುಗಳಿಗೆಲ್ಲ ಸೆಲ್ಯೂಟ್ ಹೊಡೆಯಬೇಕು, ಗಿರಾಕಿಗಳಿಗೆ ಖುಷಿ ಆತ್ತ್ ಭೋಜ ಎನ್ನುತ್ತಾರೆ ಶೆಟ್ಟರು, ಹೊಡೆಯುತ್ತೇನೆ, ಹೊಡೆಯುವ ಕೈಯ ಮೇಲೆ ನನಗೇ ಹೇಸಿಗೆ. ಆಮೇಲೆ ನನಗೊಂದು ಶಾಲು ಹೊದಿಸಿ ಸೂರನನ್ನು ಕರೆದರು, ಗಡಿಯಲ್ಲಿ ದೇಶಕ್ಕಾಗಿ ಮೂರು ಬೆರಳು ಕೊಟ್ಟ ವೀರ ಯೋಧ, ಸೂರ ಎಡಗಾಲನ್ನು ಸ್ವಲ್ಪ ಎಳೆಯುತ್ತ ಹೋಗಿ ತಲೆ ಬಗ್ಗಿಸಿ ಶಾಲು ಹೊದಿಸಿಕೊಂಡ, ಕಣ್ಣೆತ್ತಲಿಲ್ಲ, ಜಲಜ ಮೊಬೈಲಿನಲ್ಲಿ ಫೋಟೋ ತೆಗೆದಳು, ಅವಸರಕ್ಕೆ ಅವನ ಅರ್ಧ ತಲೆಯೇ ಬಂದಿದೆ.

ನಮಗೆ ಯಾರೂ ಕಾನೂನು ಮಾಡಿರಲಿಲ್ಲ, ಮಾಡುವ ಕೆಲಸವೂ ಇರಲಿಲ್ಲ, ಹತ್ತನೇ ಹೇಗೋ ದಾಟಿದವನಿಗೆ ಬೊಂಬಾಯಿಯಲ್ಲಿ ಯಾರದೋ ಹೋಟೆಲಿನ ತಟ್ಟೆ ತೊಳೆಯುವ ಮೋರಿ, ಇಲ್ಲವೇ ಮಂಗಳೂರಿನ ಮೈದಾನದಲ್ಲಿ ಸೈನ್ಯದ ಭರ್ತಿ, ನಾನೂ ಸೂರನೂ ಒಂದೇ ಬಸ್ಸಿನಲ್ಲಿ ಹೋದೆವು, ಓಡಿದೆವು, ಎದೆ ಅಳೆಸಿಕೊಂಡೆವು, ದೇಶ ಅನ್ನುವ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ, ಊಟ ಹೊಟ್ಟೆ ತುಂಬ ಕೊಡ್ತ್ರಂಬ್ರ್ ಎಂದ ಸೂರ, ಅಷ್ಟೇ. ಮೂರನೇ ವರ್ಷ ಆ ಎತ್ತರದ ಪೋಸ್ಟ್, ಮರಳಿನ ಚೀಲ ಪೇರಿಸಿದ ಬಂಕರ್, ಒಳಗೆ ಒಂದು ಸೀಮೆಎಣ್ಣೆ ಸ್ಟೋವ್, ಸ್ಟೋವಿನ ಮೇಲೆ ಮೂಲೆಯಲ್ಲಿ ಸೂರನ ಅಬ್ಬೆ ಕೊಟ್ಟ ಅಮ್ಮನವರ ಪಟ. ಸುಬೇದಾರನ ಹುಕುಂ ಒಂದೇ — ಏನಾದರೂ ಆಗಲಿ ಪಾದ ಒಣಗಿರಬೇಕು, ಪೌಡರ್ ಹಾಕಿ, ಕಾಲುಚೀಲ ಬದಲಿಸಿ, ಅಲ್ಲಿ ಕಾಲು ಒದ್ದೆ ಮಾಡಿಕೊಂಡವನು ಕಾಲು ಕಳೆದುಕೊಂಡ ಹಾಗೆಯೇ. ಸೂರ ಎಲ್ಲ ಹುಕುಮಿಗೂ ತಲೆಯಾಡಿಸುತ್ತಿದ್ದ, ಆದರೆ ಊರಲ್ಲಿ ಹುಟ್ಟಿದಾಗಿನಿಂದ ಕಾಲಿಗೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟದವನು, ಅಮ್ಮನವರ ಪಟ ಇರುವ ಜಾಗಕ್ಕೆ ಬೂಟು ಬಿಚ್ಚಿ ಹಾಗೇ ಹೋಗುವುದು ಅವನಿಂದಾಗಲಿಲ್ಲ, ಕಾಲ್ ತೊಳೀದೆ ಅಮ್ಮನ ಹತ್ರ ಹೋಪುದ್ ಹ್ಯಾಂಗಾ, ಒಂದ್ ಚೂರ್ ನೀರ್ ಹೊಯ್ಯಾ ಭೋಜ. ಹಿಮ ಕರಗಿಸಿದ ಬಿಸಿನೀರು, ಎನಾಮೆಲ್ ಮಗ್ಗು, ಬಂಕರಿನ ಬಾಯಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಅವನ ಎರಡು ಪಾದ, ನೀರು ಬಿದ್ದಲ್ಲಿ ಹಬೆ ಏಳುತ್ತಿತ್ತು, ಬೆರಳ ಸಂದಿಯಲ್ಲಿ ಇಳಿದು ಹಲಗೆಗೆ ಮುಟ್ಟುವಷ್ಟರಲ್ಲಿ ಗಟ್ಟಿಯಾಗುತ್ತಿತ್ತು, ದಿನಕ್ಕೆರಡು ಸಲ, ಹನ್ನೊಂದು ದಿನ. ಒರೆಸಿಕೊಳ್ಳುತ್ತಿದ್ದ ಪಾಪ, ಹನ್ನೊಂದನೇ ದಿನ ಕಾಲು ತೊಳೆದು ಪಟಕ್ಕೆ ಕೈಮುಗಿದು ತಿರುಗುವಾಗ ಸೆಂಟ್ರಿ ಕಾವಲಿಗೆ ಕೂಗಿದರು, ಒದ್ದೆ ಕಾಲಿಗೇ ಚೀಲ ಏರಿಸಿ ಬೂಟು ತುರುಕಿಕೊಂಡು ಓಡಿದ, ನಾಲ್ಕು ಗಂಟೆ ನಿಂತ. ಬೂಟು ಬಿಚ್ಚಿದಾಗ ಎಡಗಾಲಿನ ಮೂರು ಬೆರಳು ಕಲ್ಲಿನ ಬಣ್ಣಕ್ಕೆ ತಿರುಗಿದ್ದವು, ನೋವಿಲ್ಲ ಎನ್ನುತ್ತಿದ್ದ, ಅದೇ ಹೆದರಿಕೆ, ಆಸ್ಪತ್ರೆಯಲ್ಲಿ ತೆಗೆದರು, ಕಾಗದದಲ್ಲಿ ಸ್ವಂತ ನಿರ್ಲಕ್ಷ್ಯ ಎಂದು ಬರೆದು ಮನೆಗೆ ಕಳಿಸಿದರು. ನೀರು ಹೊಯ್ದದ್ದು ಯಾರು ಎಂದು ಸುಬೇದಾರ ಕೇಳಿದ, ನಾನೇ ಹೊಯ್ಕೊಂಡೆ ಸಾಬ್ ಎಂದ ಸೂರ, ನಾನು ಅವನ ಪಕ್ಕದಲ್ಲೇ ಅಟೆನ್ಶನ್ನಿನಲ್ಲಿ ನಿಂತಿದ್ದೆ, ನಿಂತೇ ಇದ್ದೆ.

ರಜೆಯಲ್ಲಿ ಊರಿಗೆ ಬಂದಾಗ ಎಲ್ಲರೂ ನನ್ನನ್ನೇ ಕೇಳಿದರು, ಸೂರನ ಕಾಲಿಗೆ ಎಂತ ಆಯ್ತ್ ಮಾರಾಯ, ಬಾಂಬಿನ ಚೂರ್ ಹೊಕ್ಕಿದ್ದ್ ಎಂದುಬಿಟ್ಟೆ, ಬಾಯಿಗೆ ಬಂದದ್ದು, ಮೂವತ್ನಾಲ್ಕು ವರ್ಷದ ಹಿಂದೆ, ನನ್ನ ಹೆಸರು ಮುಚ್ಚಿಟ್ಟವನ ಸಾಲ ತೀರಿಸಲು ಬೇರೇನೂ ಇರಲಿಲ್ಲ ನನ್ನ ಹತ್ತಿರ. ಆ ಒಂದು ಮಾತಿನ ಮೇಲೆ ಸೂರ ಬದುಕು ಕಟ್ಟಿದ, ಯಡ್ತರೆಯಿಂದ ಜಲಜಳ ಅಪ್ಪ ಬಂದು ಕುಂಟನಿಗಲ್ಲ, ಯೋಧನಿಗೆ ಹೆಣ್ಣು ಕೊಡುತ್ತೇನೆ ಎಂದ, ಶಾಲೆಯವರು ಆಗಸ್ಟ್ ಹದಿನೈದಕ್ಕೆ ಕುರ್ಚಿ ಹಾಕಿದರು, ಸೂರ ಒಂದು ಸಲವೂ ಬಾಂಬು ಎಂದು ತನ್ನ ಬಾಯಿಂದ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ, ಧ್ವಜ ಏರುವಾಗ ನೆಲ ನೋಡುತ್ತಾನೆ, ಅದನ್ನೂ ಜನ ವಿನಯ ಎಂದುಕೊಂಡರು. ಇಷ್ಟು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡದ್ದನ್ನು ಹೋದ ವರ್ಷ ಒಂದು ಪ್ಲೇಟು ಕೋಳಿಗೂ ಎರಡು ಪೆಗ್ಗಿಗೂ ಕಕ್ಕಿದೆನಲ್ಲ, ಮಿಥುನ್ ಬಂದು ಎದುರು ಕೂತ, ಭೋಜಣ್ಣ, ಮಿಲಿಟ್ರಿದ್ ಎಂತಾರೂ ಕತಿ ಹೇಳಿ ಕಾಂಬ, ಯಾರಿಗೂ ಗೊತ್ತಿಲ್ದಿದ್ದ್ — ಶೆಟ್ಟರ ಮಗ ನನ್ನ ಹೆಗಲ ಮೇಲೆ ಕೈ ಹಾಕಿ ಕೂತದ್ದು ಅದೇ ಮೊದಲು, ಐದು ವರ್ಷದಲ್ಲಿ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ, ನನ್ನ ಒಬ್ಬ ಸ್ನೇಹಿತ ಎಂದು ಶುರುಮಾಡಿದೆ, ಹೆಸರು ಹೇಳಲಿಲ್ಲ, ಅದೇ ದೊಡ್ಡ ಸಂಭಾವಿತತನ ನನ್ನದು, ಹೆಸರು ಬಿಟ್ಟೆ, ಉಳಿದದ್ದೆಲ್ಲ ಹೇಳಿದೆ, ಪಟ, ಹಲಗೆ, ಬಾಂಬಿನ ಚೂರು, ಶಾಲೆಯ ಕುರ್ಚಿ. ಮಗ್ಗು ಹಿಡಿದ ಕೈ ಯಾರದು ಎನ್ನುವುದನ್ನೂ ಬಿಟ್ಟೆ. ಪಾಪ ಅಲ್ದಾ ಎಂದ ಮಿಥುನ್, ಫೋನು ಮೇಜಿನ ಮೇಲೆ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಿತ್ತು.

ಪರದೆಯ ಮೇಲೆ ಈಗ ಒಬ್ಬ ಬಂದಿದ್ದಾನೆ, ಡೊಳ್ಳುಹೊಟ್ಟೆ, ಹೀರೋನ ಜೊತೆಗಾರ, ಕುಂದಾಪ್ರದವ ನಾನ್ ಎನ್ನುತ್ತಾನೆ, ನಮ್ಮ ಭಾಷೆಯನ್ನು ಹಲ್ಲುನೋವು ಬಂದವನ ಹಾಗೆ ಆಡುತ್ತಾನೆ, ಅಷ್ಟಕ್ಕೇ ಹಾಲಿನಲ್ಲಿ ಸಿಳ್ಳು, ಸಿನೆಮಾದವರಿಗೆ ನಮ್ಮ ಭಾಷೆ ಎಂದರೆ ನಗಿಸಲು ಇಟ್ಟ ಉಪ್ಪಿನಕಾಯಿ. ಅವನು ಬೂಟು ಬಿಚ್ಚಿದ. ಕಾಲ್ ತೊಳೀದೆ ಒಳ್ಗ್ ಹೋರೆ ಅಬ್ಬೆ ಬೈತ್ಲ್ ಎಂದ, ಸೋಪಿನ ಹಿಮದ ಮೇಲೆ ಕುಣಿಯುತ್ತ ಬಕೆಟು ಎತ್ತಿ ಸುರಿದುಕೊಂಡ, ಟುಂಯ್ ಎಂದು ಒಂದು ಸದ್ದು ಹಾಕಿದ್ದಾರೆ, ಜನ ಬಿದ್ದು ಬಿದ್ದು ನಕ್ಕರು, ನನ್ನ ಬಾಯಿಯೂ ಅಗಲವಾಯಿತು, ದರಿದ್ರ ಬಾಯಿ, ಮೊದಲು ನಕ್ಕು ಆಮೇಲೆ ಅರ್ಥ ಮಾಡಿಕೊಂಡಿತು. ಜಲಜ ನಗುತ್ತಿದ್ದಳು, ಸೆರಗು ಬಾಯಿಗಿಟ್ಟು, ಗಂಡನ ಭುಜ ತಟ್ಟಿ, ಕಾಣಿ ಕಾಣಿ, ನಿಮ್ಮ್ ಹಾಂಗೇ ಮಾಡ್ತ. ಆಮೇಲೆ ಆಸ್ಪತ್ರೆ, ಬ್ಯಾಂಡೇಜು ಸುತ್ತಿದ ಎಡಗಾಲು, ಮೂರು ಬೆರಳು ಹೋಯ್ತ್ ಎಂದು ಅವನು ಬೊಬ್ಬೆ ಹಾಕುತ್ತಾನೆ, ಜನ ನಗುತ್ತಾರೆ, ಆಮೇಲೆ ಊರು, ಬಸ್ಸಿಳಿದ ಅವನು ಕೋಲು ಊರಿಕೊಂಡು ಕಣ್ಣು ಹೊಡೆದು ಹೇಳುತ್ತಾನೆ — ಬಾಂಬಿನ ಚೂರ್ ಹೊಕ್ಕಿದ್ದ್ — ಹಾರ ಹಾಕಿಸಿಕೊಳ್ಳುತ್ತಾನೆ, ಶಾಲೆಯ ಅಂಗಳದಲ್ಲಿ ಕುರ್ಚಿಯ ಮೇಲೆ ಕೂರುತ್ತಾನೆ. ನಗು ಅಲ್ಲಿಗೆ ತೆಳುವಾಯಿತು, ನಮ್ಮ ಊರವರು ಕೂತ ಸಾಲುಗಳಲ್ಲಿ ಮೊದಲು ನಿಂತಿತು, ತಲೆಗಳು ಒಂದೊಂದಾಗಿ ನಮ್ಮ ಕಡೆ ತಿರುಗಿದವು, ಜಲಜಳ ಕೈ ಸೂರನ ಭುಜದ ಮೇಲೆ ಹಾಗೇ ಉಳಿದಿತ್ತು, ಅವಳು ಪರದೆ ಬಿಟ್ಟು ಕತ್ತಲಲ್ಲಿ ಅವನ ಕಾಲು ನೋಡುತ್ತಿದ್ದಳು. ಸೂರ ಎಡಗಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡ, ಮೆಲ್ಲಗೆ, ಸದ್ದಾಗದ ಹಾಗೆ. ಮಿಥುನನಿಗೆ ಏನೂ ತಿಳಿದಿಲ್ಲ, ಬೊಂಬಾಯಿಯಲ್ಲೇ ಬೆಳೆದವನು, ಅಪ್ಪನ ಭಾಷಣದ ಹೊತ್ತಿಗೆ ಹೊರಗೆ ಫೋನಿನಲ್ಲಿದ್ದ, ಮುಗಿದ ಮೇಲೆ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕಿದ, ಕಾಮೆಡಿ ಹ್ಯಾಂಗಿತ್ತ್ ಸೂರಣ್ಣ ಎಂದು ಕೇಳಿದ, ಲಾಯ್ಕಿತ್ತ್ ಎಂದ ಸೂರ, ನಾನು ಆ ಹುಡುಗನ ಕೆನ್ನೆಗೆ ಹೊಡೆಯಬೇಕಿತ್ತು, ಅಭ್ಯಾಸದ ಕೈ ಎದ್ದು ಸೆಲ್ಯೂಟ್ ಹೊಡೆಯಿತು.

ವ್ಯಾನಿನಲ್ಲಿ ಯಾರೂ ಸಿನೆಮಾದ ಮಾತೆತ್ತುವುದಿಲ್ಲ, ಹೋಗುವಾಗ ಗಲಾಟೆ ಎಬ್ಬಿಸಿದ್ದ ಬಾಯಿಗಳೇ, ಈಗ ಕಿಟಕಿಯ ಆಚೆ ಅಷ್ಟೊಂದು ಏನು ಕಾಣುತ್ತದೋ, ಮಧ್ಯಾಹ್ನದ ಬಿಸಿಲು, ಲಾರಿಗಳು, ನಾಳೆಯಿಂದ ಇವರೇ ಅಂಗಡಿ ಜಗುಲಿಯಲ್ಲಿ ಕೂತು ಬಕೆಟಿನ ಆಟ ಆಡಿ ತೋರಿಸುತ್ತಾರೆ, ಬರುವ ಆಗಸ್ಟಿಗೆ ಕುರ್ಚಿ ಹಾಕುವಾಗ ಮೇಷ್ಟ್ರು ಒಂದು ಗಳಿಗೆ ಯೋಚಿಸುತ್ತಾರೆ. ಸೂರ ಶಾಲು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಾನೆ, ಅಂಚಿಗೆ ಅಂಚು ಸರಿಯಾಗಿ, ಮಿಲಿಟರಿ ಮಡಿಕೆ, ಅವ್ನಿಗ್ ಒಳ್ಳೆ ಬೂಟ್ ಕೊಟ್ಟಿರ್ ಕಾಣ್ ಭೋಜ, ನಮ್ಗ್ ಹಾಂಗಿದ್ದ್ ಇರ್ಲಿಲ್ಲ ಎನ್ನುತ್ತಾನೆ, ಅಷ್ಟೇ, ಬೈಯಬಾರದೇ ಇವನು, ಉಗುಳಬಾರದೇ, ಇವನ ಒಳ್ಳೆಯತನ ಕಂಡರೆ ನನಗೆ ಸಿಟ್ಟೇ ಬರುತ್ತದೆ, ಮೂವತ್ನಾಲ್ಕು ವರ್ಷ ಅದನ್ನು ನನ್ನ ತಲೆಯ ಮೇಲೆ ಹೊರಿಸಿದ್ದಾನೆ. ಟೋಲ್ ಹತ್ತಿರ ಇಳಿದು ಪಡುವಣದ ದಾರಿ ಹಿಡಿದೆವು, ಅವನು ಮುಂದೆ, ಕಾಲೆಳೆಯುವ ಸದ್ದು, ಜಲಜ ಅವನ ಹಿಂದೆ, ನಾನ್ಯಾಕೆ ಹೋಗುತ್ತಿದ್ದೇನೆ, ಹೇಳಿಬಿಡಬೇಕು, ಕತೆ ಹೇಳಿದ್ದು ನಾನು, ನೀರು ಹೊಯ್ದದ್ದೂ ನಾನು ಎಂದು ಹೇಳಿಬಿಡಬೇಕು, ಹೊಸ್ತಿಲ ತನಕ ಹೋಗಿ ಹೇಳುತ್ತೇನೆ, ಅಂಗಳ ಬಂದ ಮೇಲೆ ಹೇಳುತ್ತೇನೆ, ಮೆಟ್ಟಿಲ ಹತ್ತಿರ.

ಮೆಟ್ಟಿಲ ಬದಿಯಲ್ಲಿ ಕಾಲು ತೊಳೆಯುವ ಕಲ್ಲು, ಕಲ್ಲಿನ ಪಕ್ಕ ಮೂತಿಯಿರುವ ಹಿತ್ತಾಳೆಯ ಗಿಂಡಿ, ಸೂರ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಿಂತ, ಒಂದು ಕೈ ಕಂಬಕ್ಕೆ ಕೊಟ್ಟು, ಆ ಕಾಲಿನ ಮೇಲೆ ಬಗ್ಗಿದರೆ ಅವನಿಗೆ ಆಯ ತಪ್ಪುತ್ತದೆ, ಮದುವೆಯಾದಂದಿನಿಂದ ಜಲಜಳೇ ಹೊಯ್ಯುವುದು, ಇವತ್ತೂ ಗಿಂಡಿ ಎತ್ತಿದಳು, ಹೊಯ್ದಳು, ಬಲಗಾಲಿಗೆ, ಎಡಗಾಲಿಗೆ, ಹೆಬ್ಬೆರಳು, ಅದರ ಪಕ್ಕದ್ದು, ಆಮೇಲೆ ಏನೂ ಇಲ್ಲದ ಆ ನುಣ್ಣನೆಯ ಅಂಚು, ನೀರು ಅಲ್ಲಿ ತಡೆಯಿಲ್ಲದೆ ಜಾರುತ್ತದೆ, ಬಗ್ಗಿಯೇ ಕೇಳಿದಳು, ಅಲ್ಲಿ ನೀರ್ ಯಾರ್ ಹೊಯ್ತಿದ್ದದ್ದ್. ಸೂರ ನನ್ನ ಕಡೆ ನೋಡಲಿಲ್ಲ, ನಾನೇ ಹೊಯ್ಕಂತಿದ್ದೆ ಎಂದ, ಅದೇ ದನಿ, ಸುಬೇದಾರನಿಗೆ ಹೇಳಿದ ದನಿಯೇ, ಈಗ ಹೇಳಬೇಕು ನಾನು, ಈಗ, ನಾಲಿಗೆ ಮೇಲೆ ಬಂದಿದೆ — ಜಲಜ ನೆಟ್ಟಗಾಗಿ ಕಂಬ ಹಿಡಿದ ಅವನ ಕೈ ನೋಡಿದಳು, ಆಯ ತಪ್ಪುವ ಅವನ ಸೊಂಟ ನೋಡಿದಳು, ಆಮೇಲೆ ಅಲ್ಲಿ ಅವನ ಜೊತೆಗಿದ್ದ, ಬಾಂಬಿನ ಮಾತನ್ನು ಊರಿಗೆ ತಂದ ನನ್ನನ್ನು, ಬಹಳ ಹೊತ್ತು, ಸೂರ ಕಲ್ಲಿಳಿದು ಮೆಟ್ಟಿಲು ಹತ್ತಿದ, ಅವಳು ಗಿಂಡಿಯ ಮೂತಿಯನ್ನು ನನ್ನ ಕಡೆ ತಿರುಗಿಸಿದಳು, ಬನಿ ಭೋಜಣ್ಣ, ಕಾಲ್ ಒಡ್ಡಿ. ನನ್ನ ಕಾಲು ಏಳುವುದಿಲ್ಲ, ಹತ್ತು ಬೆರಳು, ಹತ್ತೂ ಇವೆ, ಧೂಳು ಮೆತ್ತಿಕೊಂಡು ಚಪ್ಪಲಿಯೊಳಗೆ ಕೂತಿವೆ, ನೀರು ಬೀಳುತ್ತಿದೆ, ಖಾಲಿ ಕಲ್ಲಿನ ಮೇಲೆ, ಬಿಸಿಲಿಗೆ ಕಾದ ಕಲ್ಲು, ನೀರು ಬಿದ್ದಲ್ಲಿ ಹಬೆ ಏಳುತ್ತಿದೆ, ನೀರು ಬೀಳುತ್ತಿದೆ, ಹಬೆ.